ಒಟ್ಟಿಗೆ ಕಂಡಷ್ಟು

“ಉಣ್ಣೂವರನ್ನ ಎಣಸಬಾರದ್ರೀ, ದೃಷ್ಟಿ ತಾಗತದ.”

ಗ್ಯಾಲರಿಯ ಕಟ್ಟೆಯ ಮೇಲಿನ ತಾಟಿನ ಎದುರು ನಾನು ನೋಟ್‌ಬುಕ್ಕು ಹಿಡಿದು ಕೂತ ಕೂಡಲೇ ಹೆಂಡತಿಯ ಆಕ್ಷೇಪ. ಧಾರವಾಡ ಬಿಟ್ಟು ನಾಗಪುರದ ಧರಂಪೇಠಕ್ಕೆ ಬಂದು 30 ವರ್ಷವಾದರೂ ಅವಳ ಶಾಸ್ತ್ರ ಹಾಗೇ ಇದೆ. ಪಂಕ್ತಿಯಲ್ಲಿ ಯಾರು ಎಷ್ಟನೆಯ ರೊಟ್ಟಿಗೆ ಕೈ ಹಾಕಿದರೆಂದು ನೋಡಿಯೂ ನೋಡದ ಮನೆತನ ಅವಳದು. ನಾನೋ ಲೆಕ್ಕ ಬರೆದೇ ನಿವೃತ್ತನಾದವನು; ಎಣಿಸದಿದ್ದರೆ ಕೈ ತುರಿಸುತ್ತದೆ.

ಅದಕ್ಕೆ ಸರಿಯಾಗಿ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕವೆಲ್ಲ ಹಿತ್ತಲ ಹಕ್ಕಿಗಳನ್ನು ಎಣಿಸುತ್ತದೆ. 1998ರಲ್ಲಿ ಅಮೆರಿಕದ ಕಡೆ ಶುರುವಾದ ಈ ಹವ್ಯಾಸ 2013ರಲ್ಲಿ ನಮ್ಮಲ್ಲಿಗೂ ಬಂತು. 15 ನಿಮಿಷ ಕೂತರೆ ಸಾಕಂತೆ. ಪಿಂಚಣಿದಾರನಿಗೆ ನಿಮಿಷಗಳಿಗೇನು ಬರ?

ತಾಟಿನಲ್ಲಿ ಜೋಳದ ನುಚ್ಚು, ಪಕ್ಕದಲ್ಲಿ ಹೋಳು ಮಾಡಿದ ಸಂತ್ರಾ, ಮಣ್ಣಿನ ಬೋಗುಣಿಯಲ್ಲಿ ನೀರು. ಮೊದಲು ಬರುವುದು ಗಂಡುಗುಬ್ಬಿ. ಅದರ ಎದೆಯ ಕಪ್ಪು ಕಂಡಾಗಲೆಲ್ಲ ಕಿಸೆಯಲ್ಲಿ ಶಾಯಿಪೆನ್ನು ಸೋರಿಸಿಕೊಂಡು ಆಫೀಸಿಗೆ ಬರುತ್ತಿದ್ದ ಹಳೆಯ ಗೆಳೆಯ ನೆನಪಾಗುತ್ತಾನೆ. ಮೇ ತಿಂಗಳ 45 ಡಿಗ್ರಿಯಲ್ಲಿ ಇದೇ ಗುಬ್ಬಿ ನಮ್ಮ ಕೂಲರಿನ ಹುಲ್ಲನ್ನು ಎಳೆಎಳೆಯಾಗಿ ಕಿತ್ತು ಒಯ್ಯುತ್ತದೆ. ಬಾಡಿಗೆ ಕೇಳುವ ಧೈರ್ಯ ನನಗಿಲ್ಲ. ಆಮೇಲೆ ಹರಟೆಮಲ್ಲಗಳ ದಂಡು. ನೆರೆಯ ಮರಾಠಿಗರು ಅವನ್ನು ‘ಸಾತ್‌ಭಾಈ’ ಎನ್ನುತ್ತಾರೆ. ಒಮ್ಮೆ ಐದು, ಒಮ್ಮೆ ಒಂಬತ್ತು. ಬಂದ ಅಣ್ಣತಮ್ಮಂದಿರೆಲ್ಲ ಆಸ್ತಿ ಪಾಲಿಗೆ ಕೂತಂತೆ ಒಟ್ಟಿಗೇ ಮಾತಾಡಿ, ಒಟ್ಟಿಗೇ ಎದ್ದು ಹೋಗುತ್ತಾರೆ.

ಗುಬ್ಬಿ ಹನ್ನೊಂದಾಯಿತೆಂದು ಹಿಗ್ಗಿದರೆ ಒಳಗಿನಿಂದ ತಿದ್ದುಪಡಿ ಬರುತ್ತದೆ: “ಅದs ಗುಬ್ಬಿ ರೀ, ಆಗ ಬಂದಿತ್ತಲ್ಲ, ಅದs.” ಎಣಿಸಲೊಲ್ಲದ ಅವಳಿಗೆ ಒಂದೊಂದರ ಗುರುತೂ ಇದೆ. ಒಂದು ಕಾಲು ಎಳೆಯುವ ಗೊರವಂಕಕ್ಕೆ ‘ಕುಂಟಿ’ ಎಂದು ಹೆಸರೂ ಇಟ್ಟಿದ್ದಾಳೆ.

ಈ ತಕರಾರಿಗೆ ಪರಿಹಾರ ಮೊದಲೇ ಇದೆ. ಅಮೆರಿಕ, ಕೆನಡಾಗಳಲ್ಲಿ ಕಾಳಿನ ತಟ್ಟೆಗೆ ಬರುವ ಹಕ್ಕಿಗಳನ್ನು 1987ರಿಂದ ಚಳಿಗಾಲವಿಡೀ ಎಣಿಸುವ ಫೀಡರ್‌ವಾಚ್‌ನವರ ನಿಯಮ ಅದು: ಬಂದುಹೋದದ್ದನ್ನೆಲ್ಲ ಕೂಡಿಸಬಾರದು; ಒಂದೇ ಹೊತ್ತಿಗೆ ಅತಿ ಹೆಚ್ಚು ಎಷ್ಟು ಕಂಡವೋ ಅಷ್ಟೇ ಲೆಕ್ಕ. ಗುಬ್ಬಿ ಹನ್ನೊಂದರಿಂದ ನಾಲ್ಕಕ್ಕೆ ಇಳಿಯಿತು.

ನೋಟ್‌ಬುಕ್ಕು ಮುಚ್ಚುತ್ತ ಸುಮ್ಮನೆ ನಗೆಚಾಟಿಕೆಗೆಂದೇ ಅಂದೆ, “ನೋಡು, ಮಗ ದಸರೆಗೆ ಬರ್ತಾನ, ಮಗಳು ದೀಪಾವಳಿಗೆ. ಇಬ್ಬರೂ ಕೂಡಿ ಈ ಮನ್ಯಾಗ ಉಂಡು ಆರು ವರ್ಷ ಆತು. ಈ ನಿಯಮದಾಗ ನಮಗೆ ಮಕ್ಕಳು ಒಂದs ಅಂತ ಬರೀಬೇಕು.”

ಅವಳು ನಗಲಿಲ್ಲ. ಡಬ್ಬಿ ತಂದು ತಾಟಿಗೆ ಇನ್ನೊಂದು ಮುಷ್ಟಿ ನುಚ್ಚು ಸುರಿದಳು. ಬಿಸಿಲು ಕಟ್ಟೆ ದಾಟಿ ಒಳಗೆ ಬಂದಿತ್ತು. ಎದುರಿನ ಬೇವಿನ ಮರದ ಕಡೆ ನೋಡುತ್ತ ಅಂದಳು, “ತಾಟು ತಗೀಬ್ಯಾಡ್ರಿ. ಕುಂಟಿ ಇನ್ನೂ ಬಂದಿಲ್ಲ.”