ಪಪ್ಪನ ಬಾಯಿಗೆ ಬೀಗ

ಕಳೆದ ರವಿವಾರ ಚರ್ಚ್ ಮುಗಿಸಿ ಮಗಳೊಡನೆ ಕಾಲ್ವ್ ಊರಿಗೆ ಹೋಗಿದ್ದೆ. ನಮ್ಮ ಬಾಸೆಲ್ ಮಿಶನ್ನಿನ ಗುಂಡರ್ಟ್ ಪಂಡಿತರು 1893ರಲ್ಲಿ ತೀರಿಕೊಂಡದ್ದು ಅಲ್ಲೇ. ಅವರ ಮಗಳು ಮರೀ, ಕಾದಂಬರಿಕಾರ ಹೆಸ್ಸೆಯ ತಾಯಿ, ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ಎಳವೆಯಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟರು. ಭಾರತಕ್ಕೆ, ತಂದೆಯ ಬಳಿಗೆ, ಮರಳಿದ್ದು 1857ರಲ್ಲಿ. ಪಂಡಿತರ ಮೇಲೆ ಗೌರವವಿದ್ದರೂ ಇದೊಂದನ್ನು ನಾನು ಒಪ್ಪಲಾರೆ.

ನನ್ನದು ಇದಕ್ಕೆ ತದ್ವಿರುದ್ಧದ ತಪ್ಪು. ಮಗಳ ಬದಲು ಎಲ್ಲಕ್ಕೂ ನಾನೇ ಉತ್ತರ ಕೊಡುವವನು. ನಾಲ್ಕನೇ ತರಗತಿಯಲ್ಲಿ ಟೀಚರು "ಇವಳಿಗೆ ಗಿಮ್ನಾಜಿಯುಮ್ ಕಷ್ಟ" ಎಂದಾಗಲೂ ಬಾಯಿ ತೆರೆದೆ. ಮಗಳು ನನ್ನ ತೋಳು ಹಿಡಿದಳು. "ಪಪ್ಪಾ, ನಾನೇ ಹೇಳ್ತೇನೆ." (ಅವಳ ಜರ್ಮನ್ ನನ್ನದಕ್ಕಿಂತ ಚೆಂದ ಬೇರೆ!) ಮನಸ್ಸಿನಲ್ಲೇ ಪ್ರಾರ್ಥಿಸುತ್ತ ಸುಮ್ಮನೆ ಕುಳಿತೆ. ಅಷ್ಟು ಕಷ್ಟದ ಮೌನ ನನಗೆ ಚರ್ಚಿನಲ್ಲೂ ಬಂದದ್ದಿಲ್ಲ.

ಹೊರಗೆ ಬಂದ ಮೇಲೆ ಕೇಳಿದಳು: "ಮಾತಾಡಿದ್ದು ನಾನು, ನಿಮಗ್ಯಾಕೆ ಪಪ್ಪಾ ಬೆವರು?"