ಎರಡು ಗಾಳಿಗಳ ಊರಿನಲ್ಲಿ ಹಲಗೆಯ ಪಾಠ

ಗಾರ್ಡಾ ಸರೋವರದ ದಂಡೆಯ ಜನ ಗಾಳಿಯನ್ನು ಹೆಸರು ಹಿಡಿದು ಕರೆಯುತ್ತಾರೆ. ಇರುಳು ಕಳೆಯುವ ಹೊತ್ತಿಗೆ ಉತ್ತರದ ಬೆಟ್ಟಗಳಿಂದ ಇಳಿದು ಬೆಳಗಿನ ಹತ್ತು ಹನ್ನೊಂದರವರೆಗೆ ಬೀಸುವುದು ಪೆಲೆರ್. ಅದು ತಣ್ಣಗಾಗಿ, ನೀರು ಸ್ವಲ್ಪ ಹೊತ್ತು ಕನ್ನಡಿಯಂತೆ ಮಲಗಿ, ಮಧ್ಯಾಹ್ನಕ್ಕೆ ದಕ್ಷಿಣದಿಂದ ಏಳುವುದು ಓರಾ. ಹವೆ ಚೆನ್ನಾಗಿರುವ ಬೇಸಿಗೆಯ ದಿನಗಳಲ್ಲಿ ಇವೆರಡೂ ಕಾರ್ಖಾನೆಯ ಪಾಳಿಯವರಂತೆ ಬಂದು ಹೋಗುತ್ತವೆ.

ಇಟಲಿಯ ಅತಿ ದೊಡ್ಡ ಸರೋವರವಿದು. ಉದ್ದ ಸುಮಾರು 52 ಕಿ.ಮೀ., ಅತಿ ಹೆಚ್ಚಿನ ಆಳ 346 ಮೀಟರ್. ದಕ್ಷಿಣದಲ್ಲಿ ಬಯಲಿಗೆ ಹರಡಿಕೊಂಡ ನೀರು ಉತ್ತರಕ್ಕೆ ಬಂದಂತೆ ಕಡಿದಾದ ಬೆಟ್ಟಗಳ ನಡುವೆ ಇಕ್ಕಟ್ಟಾಗುತ್ತದೆ. ಆ ಇಕ್ಕಟ್ಟಿನ ಕೊನೆಯಲ್ಲಿ, ಸಾರ್ಕಾ ನದಿ ಸರೋವರ ಸೇರುವ ಮಗ್ಗುಲಲ್ಲಿ, ಟೋರ್ಬೊಲೆ ಎಂಬ ಪುಟ್ಟ ಊರಿದೆ. 1439ರಲ್ಲಿ ವೆನಿಸ್ಸಿನವರು ತಮ್ಮ ಯುದ್ಧನೌಕೆಗಳನ್ನು ಎತ್ತುಗಳಿಂದ ಎಳೆಸಿ, ಬೆಟ್ಟ ಹತ್ತಿಸಿ ಇಳಿಸಿ, ನೀರಿಗೆ ಬಿಟ್ಟದ್ದು ಇಲ್ಲಿಯೇ. ಈಗ ಇಲ್ಲಿ ನೀರಿಗಿಳಿಯುವುದು ಬಣ್ಣಬಣ್ಣದ ಹಾಯಿ ಹೊತ್ತ ಹಲಗೆಗಳು. ವಿಂಡ್‌ಸರ್ಫಿಂಗ್ ಎಂಬ ಆಟಕ್ಕೆ ಯುರೋಪಿನಲ್ಲಿ ಹೆಸರಾದ ಊರುಗಳಲ್ಲಿ ಟೋರ್ಬೊಲೆ ಒಂದು.

ಪ್ರೌಢಶಾಲೆಯಲ್ಲಿ ಕಡಲಗಾಳಿ, ನೆಲಗಾಳಿಯ ಪಾಠ ಓದಿದವರಿಗೆ ಈ ಗಾಳಿಗಳ ಗುಟ್ಟು ಕಷ್ಟದ್ದಲ್ಲ. ಹಗಲಲ್ಲಿ ಉತ್ತರದ ಕಣಿವೆ, ಬೆಟ್ಟದ ಇಳಿಜಾರುಗಳು ಬೇಗ ಕಾಯುತ್ತವೆ. ಅಲ್ಲಿನ ಗಾಳಿ ಹಗುರಾಗಿ ಮೇಲೇರಿದಾಗ ಆ ತೆರವಿಗೆ ದಕ್ಷಿಣದ ತಂಪುಗಾಳಿ ನುಗ್ಗುತ್ತದೆ. ರಾತ್ರಿ ಬೆಟ್ಟ ಬೇಗ ತಣಿದು, ಭಾರವಾದ ಗಾಳಿ ಕೆಳಗಿಳಿಯುತ್ತದೆ. ಮಂಗಳೂರಿನ ಮೀನುಗಾರನಿಗೆ ಕಡಲು ಮಾಡುವುದನ್ನೇ ಇಲ್ಲಿ ಬೆಟ್ಟ ಮತ್ತು ಸರೋವರ ಸೇರಿ ಮಾಡುತ್ತವೆ. ಜರ್ಮನ್ ಕವಿ ಗಯಟೆ 1786ರ ಸೆಪ್ಟೆಂಬರಿನಲ್ಲಿ ಈ ಟೋರ್ಬೊಲೆಯಿಂದ ನಸುಕಿಗೇ ದೋಣಿ ಹತ್ತಿ ದಕ್ಷಿಣಕ್ಕೆ ಹೊರಟ. ಮೊದಲು ಗಾಳಿ ಬೆನ್ನಿಗಿತ್ತು. ಆಮೇಲೆ ಎದುರು ತಿರುಗಿತು. ದೋಣಿಯವರ ಹುಟ್ಟು ಸಾಲದೆ ಮಾಲ್ಚೆಸಿನೆ ಎಂಬಲ್ಲಿ ದಡ ಸೇರಬೇಕಾಯಿತು. ಅಲ್ಲಿಯ ಹಳೆಯ ಕೋಟೆಯ ಚಿತ್ರ ಬರೆಯಲು ಕೂತ ಕವಿಯನ್ನು ಊರವರು ಗೂಢಚಾರನೆಂದು ಶಂಕಿಸಿದ್ದು ಬೇರೆಯೇ ಕಥೆ.

ಮ್ಯೂನಿಕ್ ಕಡೆಯಿಂದ ಬ್ರೆನ್ನರ್ ಕಣಿವೆ ದಾಟಿ ಬರುವ ಕಾರುಗಳ ನೆತ್ತಿಯ ಮೇಲೆ ಹಲಗೆ ಕಟ್ಟಿರುವುದು ಇಲ್ಲಿ ಬೇಸಿಗೆಯ ನಿತ್ಯದ ನೋಟ. ಅಂಥದೊಂದು ಕಾರಿನಲ್ಲಿ ತಂದೆ ಮತ್ತು ಹದಿಮೂರರ ಮಗಳು ಬಂದರೆಂದುಕೊಳ್ಳಿ. ಮಗಳಿಗೆ ಇದು ಮೊದಲ ಸಲ. ತಂದೆ ಪರಿಚಯದವರಿಂದ ಅಗ್ಗಕ್ಕೆ ಕೊಂಡ ಹಲಗೆ ತಂದಿದ್ದಾರೆ. ಅದರ ಮೈಮೇಲೆ 95 ಲೀಟರ್ ಎಂದು ಬರೆದಿದೆ. ಅಗಲ 58 ಸೆಂ.ಮೀ., ಹಾಯಿ 6.5 ಚದರ ಮೀಟರ್. ಹುಡುಗಿ ಬೆಳೆಯುವವಳು, ನಾಳೆಗೂ ಆದೀತು ಎಂಬ ಎಣಿಕೆ. ಕನ್ನಡ ನಾಡಿನ ಅಪ್ಪ ಅಮ್ಮಂದಿರು ಜೂನ್ ತಿಂಗಳಲ್ಲಿ ಎರಡು ಅಳತೆ ದೊಡ್ಡ ಸಮವಸ್ತ್ರ ಹೊಲಿಸುವುದೂ ಇದೇ ಎಣಿಕೆಯಿಂದ. ಆದರೆ ಅಂಗಿ ದೊಡ್ಡದಾದರೆ ತೋಳು ಮಡಚಿಕೊಳ್ಳಬಹುದು, ಈ ಹಾಯಿಯನ್ನು ಮಡಚಿಕೊಳ್ಳಲಾಗದು.

ಅರ್ಧ ಗಂಟೆಯಲ್ಲಿ ಹುಡುಗಿ ಇಪ್ಪತ್ತು ಬಾರಿ ಬೀಳುತ್ತಾಳೆ. ಹಲಗೆಯ ಮೇಲೆ ನಿಂತರೆ ಅದು ಉರುಳುತ್ತದೆ. ನೀರಲ್ಲಿ ಬಿದ್ದ ಹಾಯಿಯನ್ನು ಹಗ್ಗ ಹಿಡಿದು ಎಬ್ಬಿಸಹೋದರೆ ಅದರ ಮೇಲೆ ನಿಂತ ನೀರಿನ ಭಾರಕ್ಕೆ ಸೊಂಟ ಕಳಚಿಬೀಳುವಂತಾಗುತ್ತದೆ. ಎದ್ದ ಹಾಯಿಗೆ ಗಾಳಿ ಸಿಕ್ಕರೆ ಹುಡುಗಿಯನ್ನೇ ಹಾರಿಸುತ್ತದೆ. ‘ನನ್ನಿಂದಾಗದು’ ಎಂದು ಅವಳು ದಡಕ್ಕೆ ಬಂದು ಕೂರುತ್ತಾಳೆ. ಈ ಆಟ ಬಿಟ್ಟವರಲ್ಲಿ ಬಹಳ ಮಂದಿ ಬಿಟ್ಟದ್ದು ಹೀಗೆ, ಮೊದಲ ದಿನವೇ. ತಪ್ಪು ಹಲಗೆಯದು, ಅವಮಾನ ಮಗುವಿನದು.

ತೀರದ ತರಬೇತಿ ಶಾಲೆಯವರು ಕೊಡುವ ಹಲಗೆಯೇ ಬೇರೆ. ಬಾಗಿಲಿನಷ್ಟು ಅಗಲ, 80ರಿಂದ 100 ಸೆಂ.ಮೀ. ಗಾತ್ರ 180, 200 ಲೀಟರ್. ಕಾಲಿಡುವಲ್ಲಿ ಮೆತ್ತನೆಯ ಹೊದಿಕೆ, ಬಿದ್ದರೂ ಮೊಣಕಾಲು ತರಚದು. ಲೀಟರ್ ಲೆಕ್ಕ ಆರ್ಕಿಮಿಡೀಸನದು. ಮುಳುಗಿದ ಪ್ರತಿ ಲೀಟರ್ ಹಲಗೆ ಸರೋವರದ ಸಿಹಿನೀರಿನಲ್ಲಿ ಒಂದು ಕಿಲೋ ಭಾರ ಹೊರುತ್ತದೆ. 45 ಕಿಲೋದ ಹುಡುಗಿ, ಹಲಗೆಯ ತೂಕ, ಹಾಯಿಯ ತೂಕ ಎಲ್ಲ ಕೂಡಿದರೂ 95 ಲೀಟರಿನದು ಅವಳನ್ನು ತೇಲಿಸೀತು. ತೇಲುವುದೊಂದೇ ಸಾಲದು, ನಿಲ್ಲಬೇಕಲ್ಲ! ಹಳ್ಳಿಯ ಕೆರೆಯಲ್ಲಿ ಈಜು ಕಲಿತವರು ಬಲ್ಲರು, ಒಂಟಿ ಬಾಳೆದಿಂಡಿನ ಮೇಲೆ ಕೂತರೆ ಅದು ಮಗ್ಗುಲಾಗುತ್ತದೆ, ನಾಲ್ಕು ದಿಂಡು ಜೋಡಿಸಿ ಕಟ್ಟಿದರೆ ತೆಪ್ಪವಾಗುತ್ತದೆ. ಅಗಲದ ಹಲಗೆಯ ಒಂದು ಅಂಚಿಗೆ ಭಾರ ಬಿದ್ದಾಗ ಅಲ್ಲಿಯ ನೀರೇ ಅದನ್ನು ಎತ್ತಿ ಹಿಡಿಯುತ್ತದೆ. ಹಲಗೆಯ ನಡುವೆ ಕೆಳಕ್ಕಿಳಿಯುವ ಪಟ್ಟಿ, ಡ್ಯಾಗರ್‌ಬೋರ್ಡ್, ಅಡ್ಡಡ್ಡಲಾಗಿ ಜಾರದಂತೆ ತಡೆಯುತ್ತದೆ. ಮೊದಲಿನ ಹಲಗೆಯಲ್ಲಿ ಇದೂ ಇರಲಿಲ್ಲ.

ಹಾಯಿ ಮಾತ್ರ ಚಿಕ್ಕದು, ಎರಡೂವರೆಯೋ ಮೂರೋ ಚದರ ಮೀಟರ್. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಮಡಿಯಾಗುತ್ತದೆ. ಆದ್ದರಿಂದ ದೊಡ್ಡ ಹಾಯಿ ಹಿಡಿದ ಹೊಸಬನಿಗೆ ಒಂದು ಸಣ್ಣ ಬೀಸೂ ಸಾಕು. ದೊಡ್ಡ ಹಲಗೆ, ಸಣ್ಣ ಹಾಯಿ. ಹೊಸಬರನ್ನು ಕರೆತರುವವರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡಿರುತ್ತಾರೆ.

ಪಾಠ ಶುರುವಾಗುವುದು ಓರಾ ಇನ್ನೂ ಎಳೆಯದಾಗಿರುವಾಗ. ಅದಕ್ಕೆ ಕಾರಣವಿದೆ. ಟೋರ್ಬೊಲೆ ಉತ್ತರದ ದಂಡೆಯಲ್ಲಿದೆ. ಪೆಲೆರ್ ದಡದಿಂದ ನೀರಿನತ್ತ ಬೀಸಿ ತಿರುಗಲು ಬಾರದವರನ್ನು ದೂರ ಒಯ್ಯುತ್ತದೆ. ಓರಾ ದಡಕ್ಕೇ ತಂದು ಬಿಡುತ್ತದೆ. ವೆಟ್‌ಸೂಟ್, ಲೈಫ್ ಜಾಕೆಟ್ ತೊಟ್ಟ ಹುಡುಗಿ ಗಾಳಿಗೆ ಬೆನ್ನು ಮಾಡಿ, ಹಾಯಿಕಂಬದ ಬುಡದ ಎರಡೂ ಬದಿಗೆ ಪಾದವಿಟ್ಟು, ಮಂಡಿ ಬಾಗಿಸಿ, ಬೆನ್ನು ನೇರವಾಗಿಟ್ಟು ಹಗ್ಗ ಎಳೆಯುತ್ತಾಳೆ. ಹಾಯಿ ಏಳುತ್ತದೆ, ಬಾವುಟದಂತೆ ಪಟಪಟನೆ ಬಡಿದುಕೊಳ್ಳುತ್ತದೆ. ಹಾಗೆ ಬಡಿದುಕೊಳ್ಳುವ ಹಾಯಿಯಿಂದ ಭಯವಿಲ್ಲ, ಅದಕ್ಕೆ ಬಲವಿಲ್ಲ. ಆಮೇಲೆ ಬೂಮ್ ಎಂಬ ಅಡ್ಡ ಹಿಡಿಯನ್ನು ಹಿಡಿದು ಮೆಲ್ಲಗೆ ತನ್ನತ್ತ ಎಳೆದರೆ ಹಾಯಿಗೆ ಹೊಟ್ಟೆ ಬರುತ್ತದೆ, ಹಲಗೆ ಹೊರಡುತ್ತದೆ. ಚುಕ್ಕಾಣಿ ಇಲ್ಲ. ಕಂಬವನ್ನು ಮುಂದಕ್ಕೆ ಬಾಗಿಸಿದರೆ ಮೂತಿ ಗಾಳಿಯಿಂದ ದೂರ ತಿರುಗುತ್ತದೆ, ಹಿಂದಕ್ಕೆ ಬಾಗಿಸಿದರೆ ಗಾಳಿಯತ್ತ. ಬಿದ್ದರೆ ಬೀಳಲಿ, ಹಲಗೆಯನ್ನು ಮಾತ್ರ ಬಿಟ್ಟು ಈಜಬಾರದು. ತೇಲುವ ಅಷ್ಟು ದೊಡ್ಡ ವಸ್ತು ಬೇರೊಂದು ಸಿಗದು.

ಕಂಬ ಹೀಗೆ ಎತ್ತ ಬೇಕಾದರೂ ಬಾಗುವ ಕೀಲೇ ಈ ಆಟದ ಜೀವ. ಅಮೆರಿಕದಲ್ಲಿ ನ್ಯೂಮನ್ ಡಾರ್ಬಿ 1964ರಲ್ಲಿ ಇಂಥದೊಂದು ಹಲಗೆ ಮಾಡಿದ. ಜಿಮ್ ಡ್ರೇಕ್, ಹಾಯ್ಲ್ ಶ್ವೈಟ್ಸರ್ 1968ರಲ್ಲಿ ತಮ್ಮದಕ್ಕೆ ಪೇಟೆಂಟು ಕೇಳಿದರು. ವಿದ್ಯಾರ್ಥಿಗಳಿಗೆ ಹಿಡಿಸುವ ಸಂಗತಿ ಇನ್ನೊಂದಿದೆ. ಇಂಗ್ಲೆಂಡಿನ ಹೇಲಿಂಗ್ ದ್ವೀಪದಲ್ಲಿ ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡರ ಹುಡುಗ 1958ರಲ್ಲೇ ಹಾಯಿಹಲಗೆ ಕಟ್ಟಿ ಆಡಿದ್ದನೆಂದು ಅಲ್ಲಿಯ ನ್ಯಾಯಾಲಯ ಒಪ್ಪಿ, 1985ರಲ್ಲಿ ಆ ಪೇಟೆಂಟು ಇಂಗ್ಲೆಂಡಿನಲ್ಲಿ ನಿಲ್ಲದೆಂದಿತು. 1984ರಿಂದ ಆಟ ಒಲಿಂಪಿಕ್ಸಿನಲ್ಲಿದೆ, ಮಹಿಳೆಯರಿಗೆ ಪ್ರತ್ಯೇಕ ಸ್ಪರ್ಧೆ 1992ರಿಂದ.

ಎರಡು ಗಂಟೆಯ ಹೊತ್ತಿಗೆ ಓರಾ ಬಲಿಯುತ್ತದೆ, ನೀರಿನ ಮೇಲೆ ಬಿಳಿ ನೊರೆ ಕಾಣಿಸಿಕೊಳ್ಳುತ್ತದೆ. ಹೊಸಬರನ್ನು ದಡಕ್ಕೆ ಕರೆಯುತ್ತಾರೆ, ನುರಿತವರು ಸಣ್ಣ ಹಲಗೆ ಹೊತ್ತು ಇಳಿಯುತ್ತಾರೆ. ಅಷ್ಟರಲ್ಲಿ ಹುಡುಗಿ ಐವತ್ತು ಮೀಟರ್ ಹೋಗಿ, ತಿರುಗಿ, ಹೊರಟಲ್ಲಿಗೇ ಬಂದಿದ್ದಾಳೆ. ತಂದೆಗೆ ಉಮೇದು ಬಂದು ಆ ಅಗ್ಗದ ಹಲಗೆ ಹತ್ತುತ್ತಾರೆ. ಅವರ ತೂಕ 80 ಕಿಲೋ, ಹಲಗೆ 8, ಹಾಯಿ ಕಂಬ ಸೇರಿ 10. ದಡದಲ್ಲಿ ಕೂತ ಮಗಳು ಬೆರಳು ಮಡಚಿ ಕೂಡುತ್ತಾಳೆ. ಉತ್ತರ ಬರುವ ಮೊದಲೇ ತಂದೆಯ ಪಾದ, ಆಮೇಲೆ ಮೊಣಕಾಲು ನೀರೊಳಗೆ ಹೋಗುತ್ತದೆ. ಒದ್ದೆಯಾಗಿ ಬಂದವರು ಶಾಲೆಯವರನ್ನು ಕೇಳುವುದು, ನಾಳೆಗೆ ಆ ಬಾಗಿಲಿನಂಥ ಹಲಗೆ ಎರಡು ಸಿಗುತ್ತವೆಯೇ ಎಂದು.