ಎಸ್‌ಡಿಎ ಯಾರು, ಎಸ್‌ಡಿಬಿ ಯಾರು?

ಲಿನಕ್ಸಿನಲ್ಲಿ ಎಲ್ಲವೂ ಫೈಲು ಅಂತಾರಲ್ಲ, ಹಾರ್ಡ್ ಡಿಸ್ಕೂ ಅಷ್ಟೇ. ಡೆವ್ ಅನ್ನೋ ಫೋಲ್ಡರಿನಲ್ಲಿ ಅದಕ್ಕೊಂದು ಹೆಸರು. ಆ ಫೈಲಿನ ಒಳಗೆ ಏನೂ ಇರೋದಿಲ್ಲ, ಎರಡು ನಂಬರು ಮಾತ್ರ. 8 ಮತ್ತು 0 ಅಂದರೆ ಎಸ್‌ಡಿಎ, 8 ಮತ್ತು 16 ಅಂದರೆ ಎಸ್‌ಡಿಬಿ. ಕರ್ನೆಲ್ಲಿಗೆ ಬೇಕಾದದ್ದು ನಂಬರು; ಹೆಸರು ನಮ್ಮ ಅನುಕೂಲಕ್ಕೆ.

ಹಿಂದೆ ಈ ಫೈಲುಗಳನ್ನೆಲ್ಲ ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕಿನ ಮೇಲೆ ಮಾಡಿಟ್ಟುಬಿಡುತ್ತಿದ್ದರು. ಸಾಧನ ಇರಲಿ ಬಿಡಲಿ, ಹೆಸರು ಮಾತ್ರ ರೆಡಿ! 2003ರ ರೆಡ್ ಹ್ಯಾಟ್ 9ರಲ್ಲಿ ಇಂಥವು 18,000ಕ್ಕೂ ಹೆಚ್ಚಿದ್ದವು. ಮದುವೆಗೆ ಬರುತ್ತಾರೋ ಇಲ್ಲವೋ, ಊರಿಗೆಲ್ಲ ಎಲೆ ಹಾಕಿಟ್ಟ ಹಾಗೆ.

ಇದು ಸರಿಯಿಲ್ಲ ಅಂತ ರಿಚರ್ಡ್ ಗೂಚ್ ಬರೆದ ಡೆವ್‌ಎಫ್‌ಎಸ್ 2000ದಲ್ಲಿ ಕರ್ನೆಲ್ ಸೇರಿತು. ಇದ್ದ ಸಾಧನಕ್ಕೆ ಮಾತ್ರ ಹೆಸರು. ಆದರೆ ಏನು ಹೆಸರಿಡಬೇಕು ಅನ್ನೋದನ್ನೂ ಕರ್ನೆಲ್ಲೇ ತೀರ್ಮಾನಿಸಿದ್ದು ಅನೇಕರಿಗೆ ಹಿಡಿಸಲಿಲ್ಲ. 2003ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಯೂಡೆವ್ ತಂದರು: ಹೆಸರಿಡುವ ಕೆಲಸ ಕರ್ನೆಲ್ಲಿನ ಹೊರಗಿನ ಪ್ರೋಗ್ರಾಮಿಗೆ. 2006ರಲ್ಲಿ, 2.6.18ರಿಂದ, ಡೆವ್‌ಎಫ್‌ಎಸ್ ಹೊರಬಿತ್ತು.

ಆದರೆ ಯೂಡೆವ್ ಏಳುವ ತನಕ ಡೆವ್ ಖಾಲಿ ಇದ್ದರೆ ಹೇಗೆ? ಅದಕ್ಕೇ 2009ರಲ್ಲಿ 2.6.32ರಲ್ಲಿ ಡೆವ್‌ಟಿಎಂಪಿಎಫ್‌ಎಸ್ ಬಂತು. ಬೂಟ್ ಆಗುವಾಗ ಡ್ರೈವರ್ ಸಾಧನ ಕಂಡುಹಿಡಿದ ಕೂಡಲೇ ಕರ್ನೆಲ್ಲೇ ಮೆಮೊರಿಯಲ್ಲಿ ಒಂದು ಫೈಲು ಮಾಡಿಡುತ್ತದೆ. ಹಳೇ ಡೆವ್‌ಎಫ್‌ಎಸ್ ವೇಷ ಬದಲಿಸಿ ಬಂತು ಅಂತ ಆಗ ಕೆಲವರು ಮೂಗು ಮುರಿದಿದ್ದರು. ನನಗೇನೋ ಇದು ಒಳ್ಳೇ ರಾಜಿ ಅನ್ನಿಸುತ್ತೆ. ಬರೀ ಹೆಸರು ಕರ್ನೆಲ್ ಇಡಲಿ. ಯಾರು ಮುಟ್ಟಬಹುದು, ಅಡ್ಡಹೆಸರೇನು ಅನ್ನೋದನ್ನ ಯೂಡೆವ್ ನೋಡಿಕೊಳ್ಳಲಿ.

ಈ ಅಡ್ಡಹೆಸರೇ ಈ ವಾರ ನನಗೆ ಮುಖ್ಯವಾಗಿದ್ದು.

ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ದೊಡ್ಡ ಹೆಸರೇನಲ್ಲ, ಸುತ್ತಮುತ್ತಲಿನ ಕೂಟಗಳಷ್ಟೆ. ಕ್ಯಾಸೆಟ್ಟುಗಳೆಲ್ಲ ಮಳೆಗಾಲದ ಬೂಷ್ಟು ಹಿಡಿದು ಹೋದವು. ಅಪ್ಪನೂ ಈಗಿಲ್ಲ. ಅವರ ವಾಲಿ, ಅವರ ಕರ್ಣ ಉಳಿದಿದ್ದು 2003ರ ಒಂದು 40 ಜಿಬಿ ಡಿಸ್ಕಿನಲ್ಲಿ, ಅದೂ ಟಿಕ್ ಟಿಕ್ ಅನ್ನಲು ಶುರುಮಾಡಿತ್ತು. ಇಂಥ ಡಿಸ್ಕನ್ನು ಸುಮ್ಮನೆ ತೆರೆದು ನೋಡುತ್ತಾ ಕೂರಬಾರದು, ಪೂರ್ತಿ ಇನ್ನೊಂದಕ್ಕೆ ಇಳಿಸಿಕೊಳ್ಳಬೇಕು. ಡಿಡಿರೆಸ್ಕ್ಯೂ ಅಂತ ಒಂದು ಕಮಾಂಡ್ ಇದೆ. ಎಲ್ಲಿಂದ, ಎಲ್ಲಿಗೆ ಅಂತ ಹೇಳಿದರೆ ಆಯ್ತು. ಆ ಎರಡು ಅದಲುಬದಲಾದರೆ? ಖಾಲಿ ಡಿಸ್ಕು ಅಪ್ಪನ ದನಿಯ ಮೇಲೆ ಬರೆದುಕೊಂಡು ಹೋಗುತ್ತದೆ, ಅಷ್ಟೇ.

ಮೊದಲ ದಿನ ಹಳೇ ಡಿಸ್ಕು ಎಸ್‌ಡಿಬಿ ಆಗಿತ್ತು. ರಾತ್ರಿಯಾಯಿತೆಂದು ಆಫ್ ಮಾಡಿ, ಮರುದಿನ ಹಾಕಿ ಸೈಜು ನೋಡಿದೆ. 40 ಜಿಬಿ ಇದ್ದಿದ್ದು ಎಸ್‌ಡಿಎ! ವೈರು ಮುಟ್ಟಿರಲಿಲ್ಲ. ಯಾವ ಡಿಸ್ಕು ಮೊದಲು ಎದ್ದು ‘ನಾನಿದ್ದೀನಿ’ ಅಂತೋ ಅದು ಎಸ್‌ಡಿಎ, ಹಳೇ ಡಿಸ್ಕಿಗೆ ಅವತ್ತು ಬೇಗ ಎಚ್ಚರವಾಗಿತ್ತು. ಹಿಂದಿನ ದಿನದ ಕಮಾಂಡನ್ನೇ ಬಾಣದ ಕೀಲಿ ಒತ್ತಿ ಮತ್ತೆ ಓಡಿಸಿದ್ದರೆ... ಬೇಡ ಬಿಡಿ.

ಡೆವ್ ಒಳಗೆ ಡಿಸ್ಕ್, ಅದರೊಳಗೆ ಬೈ-ಐಡಿ ಅಂತ ಫೋಲ್ಡರಿದೆ, ನೋಡಿದ್ದೀರಾ? ಯೂಡೆವ್ ಅಲ್ಲಿ ಡಿಸ್ಕಿನ ಮಾಡೆಲ್ಲು, ಸೀರಿಯಲ್ ನಂಬರು ಸೇರಿಸಿ ಉದ್ದನೆಯ ಹೆಸರಿಡುತ್ತದೆ. ಅವತ್ತಿನ ಎಸ್‌ಡಿ ಅಕ್ಷರ ಯಾವುದೇ ಇರಲಿ, ಆ ಹೆಸರು ಅದೇ ಡಿಸ್ಕಿಗೆ ಹೋಗುತ್ತದೆ. ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯ ಸೀರಿಯಲ್ ನಂಬರನ್ನು ಟಾರ್ಚ್ ಹಿಡಿದು ಓದಿ, ಅಕ್ಷರಕ್ಕಕ್ಷರ ತಾಳೆ ನೋಡಿ, ಆಮೇಲೆ ಎಂಟರ್ ಒತ್ತಿದೆ.

ಎರಡು ದಿನ ಹಿಡೀತು. ಕರ್ಣ ಪೂರ್ತಿ ಬಂದಿದ್ದಾನೆ. ವಾಲಿಯ ಕೊನೆಯ ಭಾಗ ಎರಡು ಕಡೆ ಹಾರುತ್ತದೆ. ಜೊತೆಗೆ ಹಳೇ ಡೆವ್ ಫೋಲ್ಡರಿನ ಆ ಸಾವಿರಾರು ಹೆಸರುಗಳೂ ಹಾಗೇ ಬಂದಿವೆ, ಎಚ್‌ಡಿಎ, ಎಚ್‌ಡಿಬಿ ಎಲ್ಲ. ಡಿಸ್ಕನ್ನು ಆ ಹೆಸರಿನಿಂದ ಕರೆಯುತ್ತಿದ್ದ ಹಳೇ ಐಡಿಇ ಡ್ರೈವರ್ 2021ರಲ್ಲಿ 5.14ರಿಂದಲೇ ಹೋಯಿತು. ಅವನ್ನು ನಾನಂತೂ ಅಳಿಸಿಲ್ಲ.